ಕಲಾಯಿ ಇಸಾಕ್ ಸಾಬ್ ಮತ್ತು ಬಾಬಯ್ಯನ ಬೂದಿ

ತುಮಕೂರಿನ ಶಿರಾ ಗೇಟಿನ ಆಸುಪಾಸಿನಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಅಂಗಡಿ ನನಗೆ ತಿಳಿದಂತೆ ಈಗ ಒಂದೇ ಒಂದು. ಅದರ ಯಜಮಾನ ಇಸಾಕ್ ಸಾಬ್. ನಮ್ಮೂರಿನವನು. ಎಪ್ಪತ್ತಾರು ವರ್ಷ ದಾಟಿದ್ದರೂ ಇವತ್ತಿಗೂ ಮದುವೆ ಅಡುಗೆಯ ದೊಡ್ಡ ಕೊಳಗದೊಳಗೆ ಎರಡೂ ಪಾದ ಇಟ್ಟು, ಗೋಡೆಗೆ ಬಡಿದ ಗೂಟ ಹಿಡಿದು, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುವುತ್ತಾ ಬೂದಿ ಮರಳಿನಲ್ಲಿ ಪಾತ್ರೆ ತಿಕ್ಕುತ್ತಾನೆ. ರಸ್ತೆಯಲ್ಲಿ ಹೋಗುವವರು ನೋಡಿದರೆ ಮುದುಕನಿಗೆ ಕುಣಿತದ ಹುಚ್ಚು ಹಿಡಿದಿದೆ ಅಂದುಕೊಳ್ಳಬೇಕು. ತಿಕ್ಕಿ ಮುಗಿದ ಮೇಲೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಲ್ಲಿ ಒಂದು ಸುತ್ತು ಒರೆಸಿದನೆಂದರೆ ಪಾತ್ರೆಯ ಹೊಟ್ಟೆಯೊಳಗೆ ಬೆಳದಿಂಗಳು ಚೆಲ್ಲಿದಂತಾಗುತ್ತದೆ. ತವರದಲ್ಲಿ ಸೀಸ ಬೆರೆಸಿದ ಎಂಬ ಮಾತನ್ನು ಅರವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಆಡಿಲ್ಲ. ನಾನು ಇಸ್ಕೂಲಿನ ಮೆಟ್ಟಿಲು ನಾಲ್ಕಕ್ಕಿಂತ ಹೆಚ್ಚು ಹತ್ತಿದವನಲ್ಲ, ಅಕ್ಷರ ಕಲಿತದ್ದು ದನ ಕಾಯುತ್ತಾ. ಆದರೂ ಇವನ ವಿಷಯ ಬರೆದಿಡಬೇಕು ಎಂದು ಕೂತಿದ್ದೇನೆ. ಯಾಕೆಂದರೆ ನಮ್ಮ ಊರು ಭೂಮಿಯ ಮೇಲಿಂದ ಅಳಿಸಿಹೋದ ಮೇಲೂ ಊರಾಗಿ ಉಳಿದಿದ್ದರೆ ಅದಕ್ಕೆ ಇವನ ಒಂದು ತಪ್ಪು ಮತ್ತು ಒಂದು ಮಾತು ಕಾರಣ.

ನಮ್ಮೂರು ಅತ್ತಿಮರದಪಾಳ್ಯ. ಮೂವತ್ತೆಂಟು ಮನೆ. ಅದರಲ್ಲಿ ಸಾಬರ ಮನೆ ಒಂದೇ, ಇಸಾಕನದು. ಆದರೆ ಊರಿಗೆಲ್ಲ ದೊಡ್ಡ ಹಬ್ಬ ಯಾವುದು ಎಂದು ಕೇಳಿದರೆ ಎಳೆಮಗುವೂ ಬಾಬಯ್ಯನ ಹಬ್ಬ ಎನ್ನುತ್ತಿತ್ತು. ಮೊಹರಂ ಎಂಬ ಮಾತನ್ನು ನಾವು ಕ್ಯಾಲೆಂಡರಿನಲ್ಲಿ ಓದಿದ್ದೇ ಹೊರತು ಬಾಯಲ್ಲಿ ಆಡಿದ್ದಿಲ್ಲ. ಹಿತ್ತಾಳೆಯ ಮೂರು ಹಸ್ತಗಳು. ಅವನ್ನು ಉದ್ದನೆಯ ಬಿದಿರು ಗಳುಗಳಿಗೆ ಸಿಕ್ಕಿಸಿ, ಹಸಿರು ಕೆಂಪು ಬಟ್ಟೆ ಉಡಿಸಿ, ಹೂವು ಏರಿಸಿ ಗುಡಿಯಲ್ಲಿ ಕೂರಿಸಿದರೆ ಅದೇ ಬಾಬಯ್ಯ. ಕೂರಿಸುವವನು, ಲೋಬಾನದ ಹೊಗೆ ಹಾಕುವವನು, ಹರಕೆಯವರು ತಂದ ಸಕ್ಕರೆಗೆ ಫಾತಿಹಾ ಓದಿಕೊಡುವವನು ಇಸಾಕ. ಗುಡಿಯ ಮುಂದಿನ ಗುಂಡಿಗೆ ಮೊದಲ ಗುದ್ದಲಿ ಹಾಕುವ ಹಕ್ಕು ಗಂಗಹನುಮಯ್ಯನ ಮನೆಯದು. ಬೆಂಕಿಗೆ ಮನೆಗೊಂದು ಕಟ್ಟಿಗೆ. ಯಾವ ಮನೆಯ ಕಟ್ಟಿಗೆ ಬರಲಿಲ್ಲವೋ ಆ ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ಹೋಗಿ ನೋಡಿಕೊಂಡು ಬರುವುದು ವಾಡಿಕೆ.

ಆ ಗುಂಡಿಯದೇ ಒಂದು ಕಟ್ಟಳೆ. ಅಮಾವಾಸ್ಯೆ ಕಳೆದು ಚಂದ್ರ ಕಂಡ ಸಂಜೆ ಗುಂಡಿ ತೆಗೆಯಬೇಕು. ತೆಗೆದಾಗ ಹಿಂದಿನ ವರ್ಷದ ಬೂದಿ ತಳದಲ್ಲಿ ಸಿಗಬೇಕು. ಆ ಹಳೆ ಬೂದಿಯ ಮೇಲೇ ಹೊಸ ಬೆಂಕಿ ಹೊತ್ತಬೇಕು. ಹತ್ತನೆಯ ದಿನ ಬಾಬಯ್ಯನನ್ನು ಕೆರೆಗೆ ಕಳಿಸಿ ಬಂದು, ಹೆಂಗಸರು ಗುಂಡಿಯಿಂದ ಹಣೆಗೊಂದು ಚಿಟಿಕೆ, ಬಿತ್ತನೆ ಕಾಳಿಗೊಂದು ಹಿಡಿ ಬೂದಿ ತೆಗೆದುಕೊಂಡು ಹೋಗುತ್ತಿದ್ದರು. ಬಾಬಯ್ಯನ ಬೂದಿ ಕಲಸಿಟ್ಟ ಕಾಳಿಗೆ ಹುಳ ಬೀಳುವುದಿಲ್ಲ. ಉಳಿದ ಬೂದಿಯ ಮೇಲೆ ಮಣ್ಣು ಎಳೆದರೆ ಮತ್ತೆ ಮುಂದಿನ ವರ್ಷಕ್ಕೆ. ಎಷ್ಟು ತಲೆಮಾರಿನ ಬೂದಿ ಅಲ್ಲಿತ್ತೋ ಲೆಕ್ಕ ಇಟ್ಟವರಿಲ್ಲ. ಇಸಾಕನ ಅಪ್ಪ ಒಂದು ಮಾತು ಹೇಳುತ್ತಿದ್ದ: "ಹಳೇ ಬೂದಿ ಮ್ಯಾಲೆ ಹೊತ್ತಿದ್ರೆ ಅದು ಬಾಬಯ್ಯನ ಗುಂಡಿ. ಇಲ್ದಿದ್ರೆ ನೀರು ಕಾಯ್ಸೋ ಒಲೆ."

ಹದಿನೇಳು ವರ್ಷದ ಹಿಂದೆ ಕಾರ್ಖಾನೆಗಳಿಗೆ ಜಾಗ ಬೇಕಾಗಿ ನಮ್ಮೂರು ಹೋಯಿತು. ಪರಿಹಾರ ಕೊಟ್ಟರು, ಸೈಟು ಕೊಟ್ಟರು, ಅದರಲ್ಲಿ ಸುಳ್ಳು ಹೇಳಬಾರದು. ಆದರೆ ಊರನ್ನು ಊರಾಗಿ ಎತ್ತಿ ಇಡಲು ಯಾರ ಕೈಲೂ ಆಗಲಿಲ್ಲ. ಸತ್ಯಮಂಗಲದ ಆಚೆ ಹೊಸ ಬಡಾವಣೆಯಲ್ಲಿ ಇಪ್ಪತ್ತು ಮನೆ ನಿಂತವು. ಮಿಕ್ಕವರಲ್ಲಿ ಕೆಲವರು ಗುಬ್ಬಿಗೆ, ಕೆಲವರು ಕುಣಿಗಲ್ ಕಡೆಗೆ, ನೆಂಟರಿದ್ದ ದಿಕ್ಕಿಗೆ ಚೆದುರಿದರು. ಕೊನೆಯ ಬಾಬಯ್ಯನ ಹಬ್ಬ ಅವರೆಕಾಯಿ ಕಾಲದಲ್ಲಿ ಬಂದಿತ್ತು. ಗುಡಿಯ ಹೆಂಚು ಇಳಿಸಿದ ದಿನ ಇಸಾಕ ಮೂರು ಹಸ್ತಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಗುಂಡಿಗಿಳಿದು, ಮೊಣಕಾಲುದ್ದ ಮಣ್ಣು ತೆಗೆದು, ಬೂದಿಯನ್ನು ಒಂದು ಎಣ್ಣೆ ಡಬ್ಬಕ್ಕೆ ತುಂಬಿಕೊಂಡ. ಗುರುತಿಗೆ ತಳದಲ್ಲಿ ಒಂದು ನವಿಲುಗರಿ ಇಟ್ಟ. ಮೇಲೆ ಬಂದು ಎಲ್ಲರೆದುರು ಹೇಳಿದ: "ಎಲ್ಲಿ ನಾವು ಸೇರ್ತೀವೋ ಅಲ್ಲಿ ಗುಂಡಿ. ಬೂದಿ ನನ್ನ ತಾವ ಇರ್ತದೆ."

ಆ ಒಂದು ಮಾತನ್ನು ಹಿಡಿದುಕೊಂಡೇ ನಾವು ಟ್ರ್ಯಾಕ್ಟರ್ ಹತ್ತಿದ್ದು.

ಆಮೇಲೆ ವರ್ಷಗಳು ಉರುಳಿದವು. ಪ್ರತಿ ವರ್ಷ ಹಬ್ಬ ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಅವರೆ ಕಾಲ ಬಿಟ್ಟು, ರಾಗಿ ಕಾಲ ಬಿಟ್ಟು, ಮುಂಗಾರಿಗೆ ಬಂದು ನಿಂತಿತು. ಗುಂಡಿ ಮಾತ್ರ ತೆಗೆಯಲಿಲ್ಲ. ಕೇಳಿದಾಗಲೆಲ್ಲ ಇಸಾಕನ ಬಳಿ ಒಂದು ಕಾರಣ ಇರುತ್ತಿತ್ತು. ಜಾಗ ಎಲ್ಲೈತೆ ಎನ್ನುತ್ತಿದ್ದ. ಜನ ಕೂಡಲಿ ಎನ್ನುತ್ತಿದ್ದ. ಕೊರೊನಾ ಬಂತು. ಅದರಲ್ಲೇ ಅವನ ಹೆಂಡತಿ ಮಸ್ತಾನ್ ಬೀ ತೀರಿಕೊಂಡಳು. ಆಮೇಲೆ ಕೇಳಲು ನಮಗೇ ಬಾಯಿ ಬರಲಿಲ್ಲ. ಬೂದಿ ಇದೆಯಲ್ಲ, ಇವತ್ತಲ್ಲ ನಾಳೆ ಎಂದುಕೊಂಡು ಸುಮ್ಮನಾದೆವು.

ಹೋದ ವರ್ಷ ವಸಂತನರಸಾಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ಬೈಕು ತಗುಲಿತೆಂದು ಇಬ್ಬರು ಹುಡುಗರು ಕಾಲರ್ ಹಿಡಿದುಕೊಂಡರು. ಒಬ್ಬನ ಮೂಗಿನಲ್ಲಿ ರಕ್ತ ಬಂತು. ಬಿಡಿಸಲು ಮನೆಯವರು ಬಂದಾಗ ನೋಡಿದರೆ, ಒಬ್ಬ ಗಂಗಹನುಮಯ್ಯನ ಮೊಮ್ಮಗ ರವೀಶ. ಇನ್ನೊಬ್ಬ ಗುಬ್ಬಿಗೆ ಹೋಗಿದ್ದ ಕರಿಬಸವಯ್ಯನ ಮೊಮ್ಮಗ. ಹಳೆಯ ಊರಿನಲ್ಲಿ ಇವರಿಬ್ಬರ ಮನೆಗೆ ಒಂದೇ ಗೋಡೆ. ಆ ಗೋಡೆಯ ಗೂಡಿನಲ್ಲಿ ಒಂದೇ ದೀಪ ಇಟ್ಟು ಎರಡು ಮನೆ ಬೆಳಗಿಸುತ್ತಿದ್ದರು. ಮೊಮ್ಮಕ್ಕಳಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

ಗಂಗಹನುಮಯ್ಯ ಎಂಬತ್ತರ ಮುದುಕ. ಮಾರನೆಯ ದಿನ ಬೆಳಿಗ್ಗೆಯೇ ಸೀದಾ ಶಿರಾ ಗೇಟಿಗೆ ಬಂದ. ನಾನೂ ಅಲ್ಲೇ ಟೀ ಕುಡಿಯುತ್ತಾ ಕೂತಿದ್ದೆ. ಇಸಾಕ ಕೊಳಗದೊಳಗೆ ನಿಂತು ತಿರುಗುತ್ತಿದ್ದ.

"ಇಳೀಲಾ ಇಸಾಕ, ನಿನ್ನ ಡ್ಯಾನ್ಸು ಸಾಕು."

"ಗಂಗಣ್ಣ, ಬಾ ಕೂತ್ಕೊ. ಮದ್ವೆ ಮನೆ ಪಾತ್ರೆ ಕಣೋ, ಸಂಜೆಗೆ ಕೊಡ್ಬೇಕು."

"ನನ್ನ ಮನೆ ಪಕ್ಕದ ಸೈಟು ಐತಲ್ಲ, ಮೂವತ್ತು ನಲವತ್ತು. ಅದ್ರಾಗೆ ಅರ್ಧ ಬಾಬಯ್ಯಂಗೆ ಬುಟ್ಟಿವ್ನಿ. ಮನೇಲಿ ಎಲ್ರೂ ಒಪ್ಪವ್ರೆ. ಈ ಸಲ ಚಂದ್ರ ಕಂಡ ಸಂಜೆ ಗುಂಡಿ. ಜಾಗ ಇಲ್ಲ ಅಂತಿದ್ದೆ, ಜಾಗ ಆಯ್ತು. ಜನ ಇಲ್ಲ ಅಂತಿದ್ದೆ, ಮೂವತ್ತೆಂಟು ಮನೆಗೂ ನಾನೇ ಹೋಗಿ ಕರೀತೀನಿ. ಇನ್ನೇನು ನೆಪ ಐತೆ ನಿನ್ನ ತಾವ?"

ಇಸಾಕ ಕೊಳಗದಿಂದ ಇಳಿದ. ಕಾಲು ತೊಳೆದುಕೊಂಡ. ಅರಳೆ ತೆಗೆದು ಕಾದ ಪಾತ್ರೆ ಒರೆಸಲು ಹೋಗಿ ಬೆರಳು ಸುಟ್ಟುಕೊಂಡ. ಅರವತ್ತು ವರ್ಷದ ಕೈ ಹಾಗೆ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಆಯ್ತು ಗಂಗಣ್ಣ," ಎಂದ. "ಭಾನುವಾರ ಎಲ್ರೂ ಸೇರ್ಸು. ಒಂದ್ ಮಾತೈತೆ."

ಭಾನುವಾರ ಬಡಾವಣೆಯ ಆ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿಸಿ ಕುರ್ಚಿ ಹರಡಿದ್ದರು. ಗುಬ್ಬಿಯಿಂದ ಒಂದು ಟೆಂಪೋ ಜನ ಬಂದಿತ್ತು. ಕುಣಿಗಲ್ ಕಡೆಯಿಂದ ನರಸಿಂಹಮ್ಮ ಮಗಳ ಜೊತೆ ಬಸ್ಸು ಹಿಡಿದು ಬಂದಿದ್ದಳು. ಅವಳಿಗೆ ಎಂಬತ್ತೆರಡು, ನಮ್ಮೂರಿನಲ್ಲಿ ಉಳಿದಿರುವ ಅತಿ ಹಿರಿಯ ಜೀವ. ಇಸಾಕನ ಮಗ ಅಫ್ರೋಜ್, ಸೊಸೆ ಯಾಸ್ಮೀನ್ ಇಬ್ಬರೂ ಹಿಂದೆ ನಿಂತಿದ್ದರು. ಅಫ್ರೋಜ್ ಸತ್ಯಮಂಗಲದಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟವನು. ಬಾಬಯ್ಯ, ಗುಂಡಿ ಇದೆಲ್ಲ ನಮ್ಮ ಧರ್ಮದಲ್ಲಿಲ್ಲ ಎಂಬುದು ಅವನ ವಾದ. ಅಪ್ಪ ಮಗನ ನಡುವೆ ಆ ಮಾತು ಎಷ್ಟೋ ಸಲ ಆಗಿತ್ತು. "ನಮಾಜು ನಂದು, ನಿಂದು. ಬಾಬಯ್ಯ ಊರೋರ್ದು. ಊರೋರ್ದನ್ನ ನಾನು ಕಾಯ್ತೀನಿ, ಅಷ್ಟೇ," ಎಂಬುದು ಇಸಾಕನ ಉತ್ತರ.

ಇಸಾಕ ಎದ್ದು ನಿಂತ. ಕೈಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬ.

"ಬೂದಿ ಇಲ್ಲ," ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಊರು ಬಿಟ್ಟ ವರ್ಷ ಶಿರಾ ಗೇಟಿನ ಅಂಗಡಿಗೆ ಸಾಮಾನು ತಂದಾಗ ಎರಡು ಡಬ್ಬ ಒಟ್ಟಿಗೆ ಬಂದವು. ಒಂದು ಬಾಬಯ್ಯನ ಬೂದಿಯದು, ಇನ್ನೊಂದು ಪಾತ್ರೆ ತಿಕ್ಕುವ ಬೂದಿಯದು. ಎರಡೂ ಒಂದೇ ಎಣ್ಣೆಯ ಡಬ್ಬ. ಮನೆ ಇನ್ನೂ ನಿಂತಿರಲಿಲ್ಲವಾದ್ದರಿಂದ ಎರಡನ್ನೂ ಅಂಗಡಿಯ ಅಟ್ಟದ ಮೇಲಿಟ್ಟ. ಮದುವೆ ಕಾಲ. ಅಡುಗೆ ಕಂಟ್ರಾಕ್ಟರುಗಳ ಕೊಳಗ, ಹಂಡೆ ಸಾಲುಗಟ್ಟಿದ್ದವು. ಒಂದು ಡಬ್ಬ ಮುಗಿಯಿತು. ಇನ್ನೊಂದನ್ನು ಇಳಿಸಿದ. ತಿಕ್ಕಿದ. ಒಂದು ತಿಂಗಳು ತಿಕ್ಕಿದ. ಒಂದು ದಿನ ಕೊನೆಯ ಬೂದಿ ಬರಲೆಂದು ಡಬ್ಬ ಬೋರಲು ಹಾಕಿ ತಟ್ಟಿದ. ಕೊಳಗದೊಳಕ್ಕೆ ನವಿಲುಗರಿ ಬಿತ್ತು.

"ನನ್ನ ಕಾಲಾಗೇ ತುಳ್ದೆ," ಎಂದ ಇಸಾಕ. "ನಿಮ್ಮೆಲ್ಲರ ಅಪ್ಪ ತಾತಂದಿರ ಕಾಲದ ಬೂದಿ. ತೊಳ್ದು ಶಿರಾ ಗೇಟ್ ಮೋರಿಗೆ ಬುಟ್ಟೆ. ಹೇಳೋಕೆ ನಾಲಿಗೆ ಬರ್ಲಿಲ್ಲ. ಜಾಗ ಇಲ್ಲ, ಜನ ಇಲ್ಲ ಅಂದಿದ್ದೆಲ್ಲ ಸುಳ್ಳು. ಮಸ್ತಾನ್ ಬೀಗೆ ಮಾತ್ರ ಗೊತ್ತಿತ್ತು. ಸಾಯೋವಾಗ್ಲೂ ಊರೋರಿಗೆ ಹೇಳ್ಬುಡಿ ಅಂದ್ಲು."

ಗಂಗಹನುಮಯ್ಯ ಎದ್ದ. ಮುಖ ಕೆಂಪಾಗಿತ್ತು. "ಹದ್ನಾರು ವರ್ಷ ಕಣ್ಲಾ. ಇಲ್ಲಿ ಕೂತಿರಬೇಕಾದೋರಲ್ಲಿ ಎಷ್ಟು ಜನ ಹೋದ್ರು ಈ ಹದ್ನಾರು ವರ್ಷದಾಗೆ. ನೋಡ್ದೇನೇ ಹೋದ್ರು. ನಿನ್ನ ಅಂಗ್ಡೀಲಿ ಡಬ್ಬ ತುಂಬ ಬೂದಿ ಐತೆ. ಅದ್ರಾಗೆ ಒಂದು ಡಬ್ಬ ತಂದಿಟ್ಟು ಇದೇ ಅಂದಿದ್ರೆ ಯಾವನಿಗೆ ತಿಳೀತಿತ್ತು? ಬೂದಿಗೇನು ಮುಖ ಇರ್ತದಾ?"

"ಅದಕ್ಕೇ ಗಂಗಣ್ಣ," ಎಂದ ಇಸಾಕ. "ಅದೊಂದು ಸುಳ್ಳು ಮಾತ್ರ ಹೇಳೋಕಾಗ್ಲಿಲ್ಲ."

ಗಂಗಹನುಮಯ್ಯ ಸೈಟಿನ ಮೂಲೆಯವರೆಗೂ ನಡೆದು ಹೋದ. ಬೆನ್ನು ಹಾಕಿ ನಿಂತ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡು ನಾನು ಹತ್ತಿರ ಹೋದರೆ ಮುದುಕ ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು.

"ಅಂದ್ರೆ ಆ ವರ್ಷ ತುಮಕೂರ್ನಾಗೆ ಅರ್ಧ ಮದ್ವೆಗಳ ಅನ್ನ ಬಾಬಯ್ಯನ ಬೂದಿ ತಾಗಿದ ಪಾತ್ರೇಲೇ ಬೆಂದದೆ," ಎಂದ. "ಬುಡು, ಅವ್ರ್ಯಾರೂ ಡೈವರ್ಸ್ ಆಗಿರಾಕಿಲ್ಲ."

ಶಾಮಿಯಾನದಡಿ ನಗು ಹರಡಿತು. ನಗು ಇಳಿದ ಮೇಲೆ ಅದೇ ಪ್ರಶ್ನೆ. ಬೂದಿ ಇಲ್ಲದ ಮೇಲೆ ಗುಂಡಿ ಎಲ್ಲಿಂದ? ಹೊಸದಾಗಿ ಹೊತ್ತಿಸಿಬಿಡೋಣ, ಯಾರು ಕೇಳುತ್ತಾರೆ ಎಂದು ಒಬ್ಬ ಹೇಳಿದ. ಒಲೆ ಹೊತ್ಸೋಕೆ ಇಷ್ಟು ಜನ ಯಾಕೆ ಎಂದು ಇನ್ನೊಬ್ಬ. ಅಷ್ಟರಲ್ಲಿ ನರಸಿಂಹಮ್ಮ ಕುರ್ಚಿಯಿಂದಲೇ ಕೇಳಿದಳು.

"ಏನಪ್ಪಾ ಇಸಾಕ, ಬೂದಿ ಬೂದಿ ಅಂತ ಬಡ್ಕೊಂತಿದೀಯಲ್ಲ, ಅವರೆಕಾಳಿಗೆ ಕಲಸಿಡ್ತಿದ್ವಲ್ಲ, ಆ ಬೂದಿನೇ ತಾನೇ?"

"ಊ ನರಸಕ್ಕ, ಅದೇ."

"ಅದು ನನ್ನ ಗುಡಾಣದಾಗೆ ಐತಲ್ಲ."

ಮಾರನೆಯ ದಿನ ಬೆಳಗಿನ ಬಸ್ಸಿಗೇ ಇಸಾಕ, ಗಂಗಹನುಮಯ್ಯ, ನಾನು ಮೂವರೂ ಕುಣಿಗಲ್ಲಿಗೆ ಹೋದೆವು. ನರಸಿಂಹಮ್ಮನ ಮಗಳ ಮನೆ ಊರಾಚೆ, ಹಿತ್ತಲಿನ ಬೇಲಿಗೆ ಅವರೆ ಹಬ್ಬಿಸಿದ್ದರು. ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಒಂದು ಸಣ್ಣ ಗುಡಾಣ. ಅವಳು ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮೊರಕ್ಕೆ ಕಾಳು ಸುರಿದಳು. ಬೆಳ್ಳಗೆ ಧೂಳು ಹಿಡಿದ ಬಿತ್ತನೆ ಅವರೆ.

"ಆ ವರ್ಷ ಹಬ್ಬದಾಗೆ ತಂದ ಹಿಡಿ ಬೂದಿ," ಎಂದಳು. "ಕಾಳಿನ ಜೊತೆ ಅದೂ ಬಂತು. ಇಲ್ಲಿ ಹೊಲ ಇಲ್ಲ, ಬೇಲಿಗೆ ನಾಕು ಬಳ್ಳಿ ಹಾಕ್ತೀನಿ. ಬಿತ್ತೋ ಮುಂಚೆ ಜರಡಿ ಹಿಡಿದು ಬೂದಿ ತೆಗೆದಿಟ್ಕೋತೀನಿ. ಹೊಸ ಕಾಳು ಬಂದ್ಮ್ಯಾಲೆ ಅದ್ನೇ ಕಲಸಿಡ್ತೀನಿ. ಬೂದಿ ಸಾಲ್ದು ಅಂತ ಒಲೇದು ಬೆರಸು ಅಂದ್ಲು ಮಗ್ಳು. ಬಾಬಯ್ಯನ ಬೂದಿಗೆ ಒಲೆ ಬೂದಿ ಬೆರಸ್ತಾರಾ ಯಾರಾದ್ರೂ? ಬೈದೆ."

ಜರಡಿಯಿಂದ ಸಣ್ಣಗೆ ಉದುರಿದ ಬೂದಿ ಹಾಳೆಯ ಮೇಲೆ ಒಂದು ಪುಟ್ಟ ಗುಡ್ಡೆಯಾಯಿತು. ಒಂದು ಹಿಡಿಯೂ ಇರಲಿಕ್ಕಿಲ್ಲ. ಇಸಾಕ ನೆಲಕ್ಕೆ ಕೂತು ಅದನ್ನೇ ನೋಡಿದ, ಮುಟ್ಟಲಿಲ್ಲ. ಅವನ ಬದುಕೆಲ್ಲ ಬೂದಿಯಲ್ಲೇ ಕಳೆದದ್ದು, ಆದರೂ ಬೂದಿಯನ್ನು ಹಾಗೆ ನೋಡಿದವನನ್ನು ನಾನು ಕಂಡಿಲ್ಲ.

ನರಸಿಂಹಮ್ಮ ಅದನ್ನು ಎರಡು ಪಾಲು ಮಾಡಿದಳು. ಒಂದನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಇನ್ನೊಂದನ್ನು ವಾಪಸ್ಸು ಕಾಳಿಗೆ ಹಾಕಿದಳು.

"ಎಲ್ಲಾ ಕೊಟ್ಬುಡು ನರಸಕ್ಕ," ಎಂದ ಗಂಗಹನುಮಯ್ಯ.

"ಎಲ್ಲಾನೂ ಒಬ್ಬನ ಕೈಗೆ ಕೊಟ್ಟು ಒಂದು ಸಲ ಕೆಟ್ಟಿದ್ದು ಸಾಲ್ದಾ?" ಎಂದಳು ಮುದುಕಿ. ಇಸಾಕ ತಲೆ ತಗ್ಗಿಸಿದ. ಅವಳು ಅವನ ತಟ್ಟೆಗೆ ಮುದ್ದೆ ಬಡಿಸಿದಳು. "ಉಣ್ಣು. ಬಾಬಯ್ಯಂಗೇನೂ ಕೋಪ ಇಲ್ಲ. ಇದ್ದಿದ್ರೆ ನನ್ನ ಕಾಳಿಗೆ ಹುಳ ಬೀಳ್ತಿತ್ತು."

ಚಂದ್ರ ಕಾಣಬೇಕಾದ ಸಂಜೆ ಮೋಡ ಮುಚ್ಚಿತ್ತು. ಎಲ್ಲರೂ ಆಕಾಶ ನೋಡುತ್ತಾ ಕುತ್ತಿಗೆ ನೋಯಿಸಿಕೊಂಡೆವು. ಕೊನೆಗೆ ಚಂದ್ರ ಕಂಡಿದ್ದಾನಂತೆ ಎಂದು ಅಫ್ರೋಜನ ಫೋನಿಗೆ ಸುದ್ದಿ ಬಂತು. ಬೇಡ ಎನ್ನುತ್ತಿದ್ದ ಆ ಮಗನೇ ಬೆಳಿಗ್ಗೆ ಮಾತಾಡದೆ ಬಂದು, ಬಾಬಯ್ಯನ ಗಳು ನಿಲ್ಲಿಸಲು ಕಬ್ಬಿಣದ ಒಂದು ಸ್ಟ್ಯಾಂಡ್ ವೆಲ್ಡ್ ಮಾಡಿ ತಂದಿಟ್ಟಿದ್ದ.

ಕಟ್ಟಿಗೆ ನೋಡಿದರೆ ನಗು ಬರುತ್ತಿತ್ತು. ಗ್ಯಾಸ್ ಒಲೆಯ ಮನೆಗಳಲ್ಲಿ ಸೌದೆ ಎಲ್ಲಿಂದ ಬರಬೇಕು? ಒಬ್ಬರು ಮುರಿದ ಕುರ್ಚಿಯ ಕಾಲು ತಂದಿದ್ದರು, ಇನ್ನೊಬ್ಬರು ಬಡಗಿ ಅಂಗಡಿಯ ತುಂಡು. ರವೀಶ ಮತ್ತು ಅವನ ಕೈಲಿ ಗುದ್ದಿಸಿಕೊಂಡಿದ್ದ ಗುಬ್ಬಿಯ ಹುಡುಗ ಇಬ್ಬರೂ ಒಂದೇ ಬೈಕಿನಲ್ಲಿ ಕಾರ್ಖಾನೆಯಿಂದ ಕೇಳಿ ಪಡೆದ ಪ್ಯಾಲೆಟ್ ಹಲಗೆ ಹೊತ್ತು ತಂದರು. ಗಂಗಹನುಮಯ್ಯ ಒಂದೊಂದನ್ನೇ ಕೂಗಿ ಎಣಿಸಿದ. ಮೂವತ್ತೇಳು. ಬರದ ಒಂದು ಮನೆ ಯಾವುದೆಂದು ನೋಡಿದರೆ ಇಸಾಕನದೇ. ಯಾಸ್ಮೀನ್ ಗಂಡನ ಬೈಕಿನಲ್ಲಿ ಹೋಗಿ ಶಿರಾ ಗೇಟಿನ ಅಂಗಡಿಯ ಗೋಡೆಯಿಂದ ಆ ಗೂಟವನ್ನೇ ಕಿತ್ತು ತಂದಳು. ಅರವತ್ತು ವರ್ಷ ಅವನು ಹಿಡಿದು ತಿರುಗಿದ, ಕೈಯುಜ್ಜಿ ಕನ್ನಡಿಯಂತಾಗಿದ್ದ ಗೂಟ. ಊರಿನ ಅಂಗಡಿಯಿಂದ ಕಿತ್ತು ಶಿರಾ ಗೇಟಿಗೆ ತಂದು ಬಡಿದುಕೊಂಡದ್ದು.

"ನಾಳೆ ನಾನೇನು ಹಿಡ್ಕೊಂಡು ತಿಕ್ಕಲಿ?" ಎಂದ ಇಸಾಕ.

"ಹೊಸಾದು ಬಡ್ಸಿದ್ರಾಯ್ತು ಮಾವ," ಎಂದಳು ಅವಳು.

ಗಂಗಹನುಮಯ್ಯ ಗುದ್ದಲಿ ಹಾಕಿದ. ಮುಂಗಾರಿನ ಮಣ್ಣು, ಸಲೀಸಾಗಿ ಎದ್ದಿತು. ಗುಂಡಿ ಮೊಣಕಾಲುದ್ದ ಆದ ಮೇಲೆ ಇಸಾಕನತ್ತ ತಿರುಗಿದ. ಇಸಾಕ ಬಟ್ಟೆಯ ಗಂಟನ್ನು ಅವನತ್ತಲೇ ಚಾಚಿದ.

"ನೀನೇ ಹಾಕು ಗಂಗಣ್ಣ. ನನ್ನದು ತಪ್ಪಿದ ಕೈ. ಇನ್ನು ಮುಂದೆ ಬಾಬಯ್ಯನ್ನ ಬ್ಯಾರೆ ಯಾರಾದ್ರೂ ಕೂರಿಸ್ಲಿ."

ಗಂಗಹನುಮಯ್ಯ ಗುದ್ದಲಿ ಊರಿಕೊಂಡು ನಿಂತ. ಎಂಬತ್ತರ ಮುದುಕನ ಉಸಿರು ಏರಿತ್ತು.

"ಗುದ್ಲಿ ನನ್ನ ಮನೇದು. ಬೂದಿ ನಿನ್ನ ಮನೇದು. ಹೇಳ್ದೆ ಇದ್ದಿದ್ರೆ ತಪ್ಪಿದ ಕೈ. ಮೂವತ್ತೆಂಟು ಮನೆ ಮುಂದೆ ಖಾಲಿ ಡಬ್ಬ ಹಿಡ್ಕೊಂಡು ನಿಂತ್ಯಲ್ಲ, ಅಂಥ ಕೈ ಇನ್ನೊಂದು ಎಲ್ಲಿಂದ ತರಾನ? ಹಾಕ್ಲಾ, ಮಳೆ ಬತ್ತದೆ."

ಇಸಾಕ ಚಪ್ಪಲಿ ಬಿಟ್ಟ. ಗುಂಡಿಯ ಅಂಚಿಗೆ ಕೂತು, ಕಾಲು ತಾಗದಂತೆ ಬಗ್ಗಿ, ಬಟ್ಟೆ ಬಿಚ್ಚಿ ಬೂದಿಯನ್ನು ತಳಕ್ಕೆ ಹರಡಿದ. ಅದರಲ್ಲಿ ಒಂದು ಅವರೆಕಾಳೂ ಉರುಳಿ ಬಿತ್ತು. ತೆಗೆಯಲು ಹೋದ. "ಇರ್ಲಿ ಬುಡಪ್ಪಾ, ಅದೂ ನಮ್ಮೂರ್ದೇ," ಎಂದಳು ನರಸಿಂಹಮ್ಮ. ಕುರ್ಚಿಯ ಕಾಲು, ಪ್ಯಾಲೆಟ್ಟು, ಗೂಟ ಎಲ್ಲ ಏರಿದವು. ಬೆಂಕಿ ಹೊತ್ತಿತು. ಲೋಬಾನದ ಹೊಗೆ ಏಳುತ್ತಲೇ ನಮ್ಮ ವಯಸ್ಸಿನವರಿಗೆಲ್ಲ ಹಳೆಯ ಗುಡಿಯ ಹೆಂಚು, ಅತ್ತಿಮರ, ಕೆರೆಯ ಗಾಳಿ ಮೂಗಿಗೇ ಬಂದವು. ಮಳೆ ಬಂತು. ಯಾರೂ ಎದ್ದು ಹೋಗಲಿಲ್ಲ. ನಾಲ್ಕು ಜನ ತಗಡು ಹಿಡಿದು ನಿಂತರು, ಬೆಂಕಿ ಆರಲಿಲ್ಲ.

ಹತ್ತು ದಿನ ಬಾಬಯ್ಯ ಕೂತ. ಹತ್ತನೆಯ ದಿನ ಕೆರೆಗೆ ಕಳಿಸಿ ಬಂದ ಮೇಲೆ ಹೊಸದೊಂದು ಕಟ್ಟಳೆ ಮಾಡಿದೆವು. ಇನ್ನು ಮೇಲೆ ಬೂದಿಯನ್ನು ಗುಂಡಿಯಲ್ಲಷ್ಟೇ ಅಲ್ಲ, ಮನೆಮನೆಯಲ್ಲೂ ಒಂದೊಂದು ಹಿಡಿ ಇಡಬೇಕು. ಬಿತ್ತನೆ ಕಾಳು ಇಲ್ಲದ ಮನೆಯವರಿಗೆ ನರಸಿಂಹಮ್ಮನೇ ಒಂದೊಂದು ಬೊಗಸೆ ಅವರೆ ಕೊಟ್ಟಳು, ಕುಂಡದಲ್ಲಾದರೂ ಹಾಕಿ ಎಂದು. ನಾಳೆ ಈ ಬಡಾವಣೆಯೂ ಯಾವುದಕ್ಕೋ ಬೇಕಾಗಿ ನಾವು ಮತ್ತೆ ಟ್ರ್ಯಾಕ್ಟರ್ ಹತ್ತಿದರೂ, ಮೂವತ್ತೆಂಟರಲ್ಲಿ ಒಂದು ಮನೆ ನೆಟ್ಟಗಿದ್ದರೆ ಸಾಕು, ಗುಂಡಿ ತೆಗೆಯಬಹುದು.

ಮೊನ್ನೆ ಇಸಾಕನ ಮನೆಗೆ ಹೋಗಿದ್ದೆ. ಅವನ ಪಾಲಿನ ಬೂದಿಯನ್ನು ಹಸಿರು ಬಟ್ಟೆಯಲ್ಲಿ ಕಟ್ಟಿ, ಅಂಗಡಿಯಿಂದ ದೂರ, ನಡುಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಮೇಲಿನ ಮೊಳೆಗೆ ನೇತು ಹಾಕಿದ್ದರು. ಜೊತೆಗೆ ಆ ಹಳೆಯ ನವಿಲುಗರಿ. ಇಳಿಸಿ ನನಗೆ ತೋರಿಸೋಣವೆಂದು ಇಸಾಕ ಕೈ ಎತ್ತಿದ. ಅಡುಗೆಮನೆಯಿಂದ ಯಾಸ್ಮೀನಳ ದನಿ ಬಂತು.

"ಮಾವ, ಅದನ್ನ ಕೆಳಗಿಳಿಸ್ಬೇಕಾದ್ರೆ ನನ್ನ ಕೇಳಿ ಇಳಿಸಿ."

"ನೋಡ್ದಾ," ಎಂದ ಇಸಾಕ ನನಗೆ, ಕೈ ಇಳಿಸುತ್ತಾ. ಮುಖದ ತುಂಬ ನಗು. "ಈಗ ಕಾಯೋರು ಹುಷಾರಾಗವ್ರೆ."